ಅರ್ಧ ಕಾವು

ಮಾಲಿನಿಯ ಕೈಗುಣ ಕೆಟ್ಟಿತು ಎಂಬ ಮಾತು ಬಸ್ತಿಹಳ್ಳಿಯಲ್ಲಿ ಹಬ್ಬುವುದಕ್ಕೆ ಮೂರೇ ತಿಂಗಳು ಸಾಕಾಯಿತು. ಅದೇ ಕೈಯನ್ನು ಹೊಗಳುವುದಕ್ಕೆ ಇದೇ ಊರು ಎರಡು ವರ್ಷ ತೆಗೆದುಕೊಂಡಿತ್ತು. ಒಳ್ಳೆಯ ಮಾತಾಡಬೇಕಾದರೆ ಊರಿಗೆ ಹತ್ತು ಸಾಕ್ಷಿ ಬೇಕು, ಕೆಟ್ಟ ಮಾತಿಗೆ ಒಂದು ನಿಟ್ಟುಸಿರು ಸಾಕು.

ಆ ಕೈ ಮಾಡುತ್ತಿದ್ದ ಕೆಲಸ ಮೊಟ್ಟೆಯಿಂದ ಮರಿ ಮಾಡಿಸುವುದು. ನಡುಮನೆಯ ಮೂಲೆಯಲ್ಲಿ ನೂರು ಮೊಟ್ಟೆ ಹಿಡಿಯುವ ಒಂದು ಪೆಟ್ಟಿಗೆ ಇತ್ತು. ಹೊರಗೆ ಪ್ಲೈವುಡ್, ಒಳಗೆ ತೆಳು ಥರ್ಮೋಕೋಲ್, ಮುಂದೆ ಅಂಗೈಯಗಲದ ಗಾಜು. ಒಳಗೆ ಅರವತ್ತು ವ್ಯಾಟಿನ ಎರಡು ಗುಂಡು ಬಲ್ಬು, ಪುಟ್ಟ ಫ್ಯಾನು, ಒಂದು ಬಟ್ಟಲು ನೀರು. ಶಾಖ ಮೂವತ್ತೇಳೂವರೆ ಡಿಗ್ರಿಗೆ ಬಂದರೆ ಬಲ್ಬು ಆರಿಸಿ, ಇಳಿದರೆ ಹೊತ್ತಿಸುವ ಒಂದು ಸಣ್ಣ ಯಂತ್ರ, ಅದರ ಮೈಮೇಲೆ ಕೆಂಪು ಅಂಕಿ. ಹೆಂಗಸರು ತಮ್ಮ ತಮ್ಮ ನಾಟಿಕೋಳಿಯ ಮೊಟ್ಟೆ ತಂದುಕೊಡುತ್ತಿದ್ದರು. ಅದಲುಬದಲಾಗದಿರಲಿ ಎಂದು ಪೆನ್ಸಿಲಿನಲ್ಲಿ ಗುರುತು. ರಂಗಮ್ಮನದು ಸೊನ್ನೆ, ಮೀನಾಕ್ಷಿಯದು ಎರಡು ಗೆರೆ, ಓದು ಬರಹ ಕಲಿತ ಸೊಸೆಯಂದಿರಿದ್ದ ಮನೆಯವರದು ಪೂರಾ ಹೆಸರು. ದಿನಕ್ಕೆ ಮೂರು ಸಲ ಮಾಲಿನಿ ಅವನ್ನೆಲ್ಲ ಹೊರಳಿಸಬೇಕು. ಕರೆಂಟು ಹೋದರೆ ಕಂಬಳಿ ಹೊದಿಸಿ ಒಳಗೆ ಬಿಸಿನೀರಿನ ಬಾಟಲಿ ಇಡಬೇಕು. ಇಪ್ಪತ್ತೊಂದನೆಯ ದಿನ ಮರಿ. ಹತ್ತು ಮರಿಯಾದರೆ ಅದರಲ್ಲೊಂದು ಮಾಲಿನಿಗೆ, ಲೆಕ್ಕ ಅಷ್ಟೇ.

ಮೊಟ್ಟೆ ಮರಿಯಾಗುವುದೇನು ದೊಡ್ಡ ಮಾತಲ್ಲ, ಕೋಳಿಗೂ ಬರುವ ವಿದ್ಯೆ. ದೊಡ್ಡ ಮಾತು ಬೇರೆಯೇ ಇತ್ತು. ಮೇಲಿನ ಬೀದಿಯ ಹೆಂಗಸರು ಹೀಗೆ ಸೆರಗಿನಲ್ಲಿ ಏನನ್ನಾದರೂ ಕಟ್ಟಿಕೊಂಡು ಮಾಲಿನಿಯವರ ಕೇರಿಗೆ ಬಂದದ್ದು ಅವಳ ಅತ್ತೆ ಚಲುವಮ್ಮನ ಎಪ್ಪತ್ತು ವರ್ಷದ ನೆನಪಿನಲ್ಲಿ ಇರಲಿಲ್ಲ. ಮೊದಮೊದಲು ಅಂಗಳದಲ್ಲೇ ನಿಂತು ಕೊಟ್ಟು ಹೋಗುತ್ತಿದ್ದರು. ಆಮೇಲೆ ಗಾಜಿನಲ್ಲಿ ಇಣುಕುವ ಆಸೆಗೆ ಹೊಸ್ತಿಲು ದಾಟಿದರು. ತೆಂಗಿನ ತೋಟ, ಗದ್ದೆ, ಎರಡು ಬೋರ್‌ವೆಲ್ ಇರುವ ಕರಿಯಪ್ಪನ ಹೆಂಡತಿ ರಂಗಮ್ಮ ಒಂದು ಬೆಳಿಗ್ಗೆ ಮರಿಯೊಂದು ಚಿಪ್ಪು ಒಡೆಯುವುದನ್ನೇ ಬಾಯಿ ಬಿಟ್ಟುಕೊಂಡು ನೋಡುತ್ತ, ಮಾಲಿನಿ ಕೈಗಿಟ್ಟ ಕಾಫಿಯನ್ನು ಗೊತ್ತೇ ಆಗದೆ ಕುಡಿದು ಲೋಟ ಕೆಳಗಿಟ್ಟಳು. ಚಲುವಮ್ಮ ಆ ಲೋಟವನ್ನು ಸಂಜೆಯವರೆಗೆ ತೊಳೆಯಲಿಲ್ಲ, ಹೋಗಿ ಬಂದು ಅದನ್ನು ನೋಡುತ್ತಿದ್ದಳು. ಅವತ್ತಿನಿಂದ ಮಾಲಿನಿ ಅವಳನ್ನು 'ರಂಗಮ್ಮಕ್ಕ' ಎಂದು ಕರೆದಳು, ರಂಗಮ್ಮ ಓಗೊಟ್ಟಳು. ಪೆಟ್ಟಿಗೆಯಿಂದ ಹುಟ್ಟಿದ ಮರಿಗಳಲ್ಲಿ ಮಾಲಿನಿಗೆ ಎಲ್ಲಕ್ಕಿಂತ ಹೆಚ್ಚಿನದು ಇದು.

ಪೆಟ್ಟಿಗೆ ಮಾಡಿಕೊಟ್ಟವನು ಅವಳ ಗಂಡ ಧರ್ಮೇಶನೇ. ಬೇಲೂರಿನ ಒಂದು ಖಾಸಗಿ ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಹೇಳಿಕೊಡುವ ಮೇಷ್ಟ್ರು. ಪಾಠದಲ್ಲಿ ಗಟ್ಟಿಗ, ಹುಡುಗರಿಗೆ ಅಚ್ಚುಮೆಚ್ಚು. ಏಪ್ರಿಲ್ ಹದಿನಾಲ್ಕರಂದು ಕೇರಿಯ ಸಭೆಯಲ್ಲಿ ಮೂಢನಂಬಿಕೆಯ ಮೇಲೆ ಅವನು ಮಾತಿಗೆ ನಿಂತರೆ ಮುದುಕರೂ ಬೀಡಿ ಆರಿಸಿ ಕೇಳುತ್ತಿದ್ದರು. ಮನೆ ಬಾಗಿಲಿಗೆ ಚಲುವಮ್ಮ ಕಟ್ಟುತ್ತಿದ್ದ ನಿಂಬೆಹಣ್ಣು ಮೆಣಸಿನಕಾಯಿಯನ್ನು ಬಿಚ್ಚಿ ಎಸೆದು, ಅಲ್ಲಿ ಬುದ್ಧನ ಪಟ ಹಾಕಿದವನು ಅವನು. ಅವನಿಗೆ ಇನ್ನೊಂದು ಗುಣವಿತ್ತು: ಬೇಡ ಎಂಬ ಮಾತು ಅವನ ಬಾಯಿಂದ ಬರುತ್ತಿರಲಿಲ್ಲ. ಯಾರು ಏನು ಕೇಳಿದರೂ ನಕ್ಕು 'ನೋಡೋಣ' ಎನ್ನುವನು. ಇದು ಒಳ್ಳೆಯ ಗುಣವೆಂದು ಮಾಲಿನಿ ಎಂಟು ವರ್ಷ ನಂಬಿಕೊಂಡಿದ್ದಳು, ಪಾಪ.

ದಸರೆಯ ಹೊತ್ತಿಗೆ ಒಂದು ದಿನ ಅವನು, "ಬೇಲೂರಲ್ಲೇ ಒಂದು ಬಾಡಿಗೆ ಮನೆ ಮಾಡಿದ್ರೆ ಹೆಂಗೆ? ದಿನಾ ಬಸ್ಸಿನಲ್ಲಿ ನೇತಾಡೋದು ತಪ್ಪುತ್ತೆ," ಎಂದಿದ್ದ.

"ಪೆಟ್ಟಿಗೆ ಕತೆ ಏನ್ರೀ ಮತ್ತೆ?" ಎಂದಳು ಮಾಲಿನಿ. "ಬೇಲೂರಿಗೆ ರಂಗಮ್ಮಕ್ಕ ಮೊಟ್ಟೆ ಹೊತ್ಕೊಂಡು ಬರ್ತಾರಾ?"

ಧರ್ಮೇಶ ನಕ್ಕು, "ಸರಿ ಬಿಡು, ನೋಡೋಣ," ಎಂದ. ಮತ್ತೆ ಆ ಮಾತು ಎತ್ತಲಿಲ್ಲ. ಐಟಿಐಯಲ್ಲಿ ಜೊತೆಯವರು ತನ್ನನ್ನು ಕೋಳಿ ಮೇಷ್ಟ್ರು ಎಂದು ಕರೆಯುತ್ತಾರೆಂದು, ಅಂಗಿಯಿಂದ ಕೋಳಿ ವಾಸನೆ ಬರುತ್ತದೆಂದು ಮೂಗು ಹಿಡಿದು ತಮಾಷೆ ಮಾಡುತ್ತಾರೆಂದು ಒಂದೆರಡು ಸಲ ಹೇಳಿದ್ದ, ನಗುತ್ತಲೇ. ಅವನು ನಕ್ಕದ್ದರಿಂದ ಮಾಲಿನಿಯೂ ನಕ್ಕಿದ್ದಳು.

ಕಾರ್ತೀಕದಲ್ಲಿ ಅರಸೀಕೆರೆಯಲ್ಲಿ ಅವಳ ತಂಗಿ ಭಾಗ್ಯಳ ಮದುವೆ. ಪೆಟ್ಟಿಗೆ ಖಾಲಿ ಮಾಡಿ, ತೊಳೆದು ಒಣಗಿಸಿ, ಮಾಲಿನಿ ಹೊರಟಳು. ತಂಗಿಯ ಜೊತೆ ಸ್ಟೇಷನ್ ರಸ್ತೆಯ ಅಂಗಡಿಗಳನ್ನೆಲ್ಲ ಸುತ್ತಿ ಬಳೆ, ಕ್ಲಿಪ್ಪು, ಎಂದೂ ಕೊಳ್ಳದವಳು ಒಂದು ನೇಲ್‌ಪಾಲಿಶ್ ಕೂಡ ಕೊಂಡಳು. ಹೊಳೆಯುವ ಬದನೆಕಾಯಿ ಬಣ್ಣ. "ಇದನ್ನ ಹಚ್ಕೊಂಡು ಮೊಟ್ಟೆ ಹೊರಳಿಸ್ತೀಯೇನೆ?" ಎಂದು ಭಾಗ್ಯ ಗೇಲಿ ಮಾಡಿದಳು. ಧರ್ಮೇಶ ಮದುವೆಗೆ ಬಂದು, ಊಟ ಮುಗಿಸಿ ಊರಿಗೆ ಮರಳಿದ. ಅವಳ ಸಾಮಾನಿನ ಒಂದು ಚೀಲವನ್ನು ಹೊತ್ತುಕೊಂಡೇ ಹೋದ. ಅವಳು ಇನ್ನೂ ನಾಲ್ಕು ದಿನ ತವರಿನಲ್ಲಿದ್ದು ಬಂದಳು.

ಬಂದ ಮೇಲೆ ಇಟ್ಟ ಮೊದಲ ಸರದಿಯಲ್ಲೇ ಎಡವಟ್ಟಾಯಿತು. ಯಾವಾಗಲೂ ನೂರರಲ್ಲಿ ಎಂಬತ್ತು ಮರಿಯಾಗುತ್ತಿದ್ದದ್ದು ಮೂವತ್ತೆರಡಾಯಿತು, ಅದೂ ಎರಡು ದಿನ ತಡವಾಗಿ. ಉಳಿದವು ಚಿಪ್ಪಿನೊಳಗೇ ಸತ್ತಿದ್ದವು. ಮಾಲಿನಿ ಒಂದೊಂದನ್ನೂ ಒಡೆದು ನೋಡಿದಳು. ಪುಕ್ಕ ಬಂದಿತ್ತು, ಕೊಕ್ಕು ಬಂದಿತ್ತು, ಹೊರಗೆ ಬರುವಷ್ಟು ಶಕ್ತಿ ಬಂದಿರಲಿಲ್ಲ. ಅವಳಿಗೆ ಅವತ್ತು ಊಟ ಸೇರಲಿಲ್ಲ.

"ರೀ, ಬೆಳಗಿನ ಜಾವ ಎದ್ದು ನೋಡಿದ್ರೆ ಅಂಕಿ ಮೂವತ್ತೈದಕ್ಕೆ ಇಳಿದಿರುತ್ತೆ. ಬಲ್ಬು ಉರೀತಾನೇ ಇರುತ್ತೆ, ಶಾಖ ಮಾತ್ರ ಏರಲ್ಲ. ಬಲ್ಬೂ ಮಂಕಾಗಿದೆ ಅನ್ಸುತ್ತೆ."

"ಚಳಿ ಕಣೇ. ರಾತ್ರಿ ವೋಲ್ಟೇಜೂ ಇರಲ್ಲ," ಎಂದ ಧರ್ಮೇಶ, ಪತ್ರಿಕೆಯಿಂದ ತಲೆ ಎತ್ತದೆ. "ನೀನು ಗಳಿಗೆಗೊಂದ್ಸಲ ಮುಚ್ಚಳ ತೆಗೀತೀಯ, ಶಾಖ ನಿಲ್ಲೋದು ಹೆಂಗೆ?"

ತಾನೇ ತಪ್ಪು ಮಾಡಿದೆ ಎಂದುಕೊಂಡು ಅವಳು ಮುಚ್ಚಳ ತೆಗೆಯುವುದನ್ನು ಕಡಿಮೆ ಮಾಡಿದಳು. ಹೊಸ ಬಲ್ಬು ತಂದು ಹಾಕಿದಳು. ಗುಂಡು ಬಲ್ಬು ಈಗ ಎಲ್ಲಿ ಸಿಗುತ್ತದೆ, ಹಳೇಬೀಡಿನ ನಾಲ್ಕು ಅಂಗಡಿ ಹುಡುಕಿ ತಂದದ್ದು. ಪೆಟ್ಟಿಗೆಯ ಸುತ್ತ ಗೋಣಿತಾಟು ಸುತ್ತಿದಳು. ಎರಡನೆಯ ಸರದಿಯಲ್ಲಿ ಹತ್ತೊಂಬತ್ತು ಮರಿ. ಮೇಲಿನ ಬೀದಿಯಲ್ಲಿ ಮಾತು ಹುಟ್ಟಿದ್ದು ಆಗ. ಬಾಯಿಬಿಟ್ಟು ಯಾರೂ ಹೆಚ್ಚು ಹೇಳಲಿಲ್ಲ, ಕೈಗುಣ ಎಂದರು, ಆ ಒಂದು ಪದದೊಳಗೆ ಇನ್ನೇನೇನು ಅಡಗಿದೆ ಎಂಬುದು ಆಡಿದವರಿಗೂ ಗೊತ್ತಿತ್ತು, ಕೇಳಿದವರಿಗೂ ಗೊತ್ತಿತ್ತು. ಹೆಂಗಸರು ಮತ್ತೆ ಅಂಗಳದಲ್ಲೇ ನಿಲ್ಲತೊಡಗಿದರು. ಕೆಲವರು ಬರುವುದನ್ನೇ ಬಿಟ್ಟರು.

ರಂಗಮ್ಮ ಬಿಡಲಿಲ್ಲ. ಅವಳ ತವರಿನಿಂದ ಬಂದ ಬೋಳುಕತ್ತಿನ ಕರಿ ಕೋಳಿಯೊಂದಿತ್ತು. ಅವಳ ಅವ್ವ ಮದುವೆಯಲ್ಲಿ ಕೊಟ್ಟ ಕೋಳಿಯ ವಂಶ, ಮೂವತ್ತು ವರ್ಷದಿಂದ ಮರಿಗೆ ಮರಿ ಹುಟ್ಟಿಸಿಕೊಂಡು ಉಳಿಸಿಕೊಂಡಿದ್ದು. ಸಂಕ್ರಾಂತಿಗೆ ಮುಂಚೆ ಅದನ್ನು ಕಾಡುಬೆಕ್ಕು ಹಿಡಿಯಿತು. ಬುಟ್ಟಿಯಲ್ಲಿ ಒಂಬತ್ತು ಮೊಟ್ಟೆ ಉಳಿದಿತ್ತು. ಅವನ್ನು ರಂಗಮ್ಮ ತಾನೇ ತಂದು ಮಾಲಿನಿಯ ಕೈಗಿಟ್ಟಳು. "ಇವೇ ಕಡೇವು ಕಣವ್ವ. ಜ್ವಾಪಾನ," ಎಂದಳು.

ಮಾಲಿನಿ ಆ ಒಂಬತ್ತನ್ನು ಬಲ್ಬಿಗೆ ಹತ್ತಿರ, ನಟ್ಟನಡುವೆ ಇಟ್ಟಳು. ಆ ಮೂರು ವಾರ ಅವಳು ಸರಿಯಾಗಿ ನಿದ್ದೆ ಮಾಡಲಿಲ್ಲ. ಇಪ್ಪತ್ತೊಂದು ದಿನವಾಯಿತು, ಇಪ್ಪತ್ಮೂರಾಯಿತು, ಇಪ್ಪತ್ತೈದಾಯಿತು. ಒಟ್ಟು ಆರು ಮರಿ ಬಂದವು. ಸೊನ್ನೆ ಗುರುತಿನ ಒಂದೂ ಒಡೆಯಲಿಲ್ಲ.

ರಂಗಮ್ಮ ಬಂದು ಬುಟ್ಟಿ ನೋಡಿದಳು. ಒಂಬತ್ತನ್ನೂ ಸೆರಗಿಗೆ ಹಾಕಿಕೊಂಡು ಹೊರಟುಹೋದಳು. ಬೈದಿದ್ದರೆ ಮಾಲಿನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಆ ಸಂಜೆ ಚಲುವಮ್ಮ ಹಿಡಿ ಉಪ್ಪು, ಒಣಮೆಣಸಿನಕಾಯಿ ತಂದು ಪೆಟ್ಟಿಗೆಗೆ ಮೂರು ಸುತ್ತು ನಿವಾಳಿಸಿದಳು. ಆಮೇಲೆ ಸೊಸೆಯ ಎರಡೂ ಕೈ ಚಾಚಿಸಿ ಅವಕ್ಕೂ ನಿವಾಳಿಸಿ ಒಲೆಗೆ ಹಾಕಿದಳು. "ಯಾರ ಕಣ್ಣು ತಾಕ್ತೋ ನಿನ್ನ ಕೈಗೆ," ಎಂದು ಗೊಣಗಿದಳು. ಧರ್ಮೇಶ ಬಾಗಿಲಲ್ಲಿ ನಿಂತು ಕಾಫಿ ಕುಡಿಯುತ್ತಿದ್ದ. ನಿಂಬೆಹಣ್ಣು ಕಂಡರೆ ಅರ್ಧ ಗಂಟೆ ಭಾಷಣ ಮಾಡುವವನು ಅವತ್ತು ತುಟಿ ಬಿಚ್ಚಲಿಲ್ಲ. ನನ್ನ ಸಂಕಟ ನೋಡಿ ಅಮ್ಮನಿಗೆ ಅಡ್ಡ ಬರಲಿಲ್ಲ, ಎಷ್ಟು ಒಳ್ಳೆಯವರು ಎಂದುಕೊಂಡಳು ಮಾಲಿನಿ. ಅದನ್ನು ನೆನೆದರೆ ಈಗ ಅವಳ ಮೈ ಉರಿಯುತ್ತದೆ.

ಮಾರನೆಯ ದಿನ ಧರ್ಮೇಶ ಪರೀಕ್ಷೆ ಕೆಲಸಕ್ಕೆಂದು ಎರಡು ದಿನ ಹಾಸನಕ್ಕೆ ಹೋದ. ಹೋಗುವ ಮುಂಚೆ ಮೆಲ್ಲಗೆ, "ಸುಮ್ನೆ ಯಾಕೆ ಒದ್ದಾಡ್ತೀಯ, ಬಿಟ್ಬಿಡು. ಬೇಲೂರಲ್ಲಿ ಮನೆಯೊಂದು ನೋಡಿ ಬಂದಿದ್ದೀನಿ, ನಲ್ಲೀಲಿ ಎರಡು ಹೊತ್ತೂ ನೀರು ಬರುತ್ತಂತೆ," ಎಂದ. ಮಾಲಿನಿ ಹೂಂ ಎಂದಳು. ಪೆಟ್ಟಿಗೆ ಬಿಚ್ಚಿ ಅಟ್ಟಕ್ಕೆ ಹಾಕಿಬಿಡೋಣ ಎಂದು ಬಲ್ಬು ತಿರುಗಿಸಿ ತೆಗೆದಳು. ಅಷ್ಟರಲ್ಲಿ ಅಡುಗೆಮನೆಯ ಎಲ್‌ಇಡಿ ಹೋಗಿತ್ತು. ಇದಾದರೂ ಉರಿಯಲಿ ಎಂದು ಪೆಟ್ಟಿಗೆಯ ಬಲ್ಬನ್ನೇ ಅಲ್ಲಿಗೆ ಹಾಕಿ ಸ್ವಿಚ್ಚು ಒತ್ತಿದಳು. ಕಣ್ಣು ಕೋರೈಸಿತು.

ಅವಳು ಅದನ್ನು ಬಿಚ್ಚಿ ಪೆಟ್ಟಿಗೆಗೆ ಹಾಕಿದಳು. ಮಂಕು. ಮತ್ತೆ ಅಡುಗೆಮನೆಗೆ. ಪ್ರಖರ. ಹೀಗೆ ಮೂರು ಸಲ ಮಾಡಿದಳು. ಬಲ್ಬು ಅದೇ, ಮನೆಗೆ ಬರುವ ಕರೆಂಟೂ ಅದೇ. ಅಂದಮೇಲೆ ಎಡವಟ್ಟು ಇರುವುದು ಗೋಡೆಗೂ ಬಲ್ಬಿಗೂ ಮಧ್ಯೆ. ಇದನ್ನು ತಿಳಿಯಲು ಐಟಿಐ ಓದಬೇಕಾಗಿರಲಿಲ್ಲ. ಪೆಟ್ಟಿಗೆಯ ಬೆನ್ನಿಗೆ, ಬಲ್ಬಿನ ವೈರು ಒಳಗೆ ಹೋಗುವ ಕಡೆ ಒಂದು ಕಪ್ಪು ಪ್ಲಾಸ್ಟಿಕ್ ಡಬ್ಬಿ ಇತ್ತು. ವೈರಿನ ಸಮೇತ ಅದನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಬೇಲೂರಿನ ಬಸ್ಸು ಹತ್ತಿದಳು. ಗಂಡ ಬರುವುದರೊಳಗೆ ರಿಪೇರಿ ಮಾಡಿಸಿ, ನೋಡಿ ನಿಮ್ಮ ಸಹಾಯವಿಲ್ಲದೆ ಸರಿ ಮಾಡಿದೆ ಎಂದು ತೋರಿಸುವ ಸಣ್ಣ ಸಂಭ್ರಮವೂ ಅವಳಿಗಿತ್ತು.

ಬೇಲೂರು ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಚಿಕ್ಕಣ್ಣನ ರಿಪೇರಿ ಅಂಗಡಿ. ಕೂದಲು ನರೆತ ಮನುಷ್ಯ. ರೇಡಿಯೋ ಕಾಲದಿಂದ ಇದ್ದವನು, ಈಗ ಮಿಕ್ಸಿ, ಯುಪಿಎಸ್ಸು, ಟಾರ್ಚು ಯಾವುದಕ್ಕೂ ಸೈ. ಧರ್ಮೇಶನ ವಿದ್ಯಾರ್ಥಿಗಳು ಕೈ ಪಳಗಿಸಲು ಅವನ ಬಳಿಗೇ ಬರುತ್ತಿದ್ದರು. ಅವನು ಡಬ್ಬಿ ಬಿಚ್ಚಿ, ಕನ್ನಡಕ ಏರಿಸಿ, "ಓಹೋ," ಎಂದ.

ಒಳಗೆ ಒಂದು ವೈರನ್ನು ಕತ್ತರಿಸಿ, ಆ ತುದಿಗೂ ಈ ತುದಿಗೂ ಮಧ್ಯೆ ಭತ್ತದ ಕಾಳಿನಷ್ಟು ದೊಡ್ಡದೊಂದು ಕರಿ ತುಣುಕನ್ನು ಬೆಸೆದಿತ್ತು. ಅದರ ಒಂದು ತುದಿಗೆ ಬೆಳ್ಳಿ ಪಟ್ಟಿ. ಬೆಸುಗೆಯ ಮೇಲೆ ಕೆಂಪು ಕೊಳವೆ ತೊಡಿಸಿತ್ತು.

"ಡಯೋಡ್ ಕಣಮ್ಮ. ಕರೆಂಟನ್ನ ಒಂದು ಕಡೆಯಿಂದ ಮಾತ್ರ ಬಿಡುತ್ತೆ," ಎಂದು ಚಿಕ್ಕಣ್ಣ ಮೀಟರಿನ ಎರಡು ಕಡ್ಡಿಗಳನ್ನು ಅದರ ಎರಡು ತುದಿಗೆ ಮುಟ್ಟಿಸಿದ. ಮೀಟರು ಐನೂರ ಚಿಲ್ಲರೆ ತೋರಿಸಿತು. ಕಡ್ಡಿಗಳನ್ನು ಅದಲುಬದಲು ಮಾಡಿ ಇಟ್ಟ. ಮೀಟರು ಏನೂ ತೋರಿಸಲಿಲ್ಲ. "ನೋಡಿದ್ರಾ? ಇದು ಮಧ್ಯೆ ಇದ್ರೆ ಬಲ್ಬಿಗೆ ಹೋಗೋದು ಅರ್ಧ ಕರೆಂಟು, ಕೊಡೋದು ಅರ್ಧ ಕಾವು. ಸೋಲ್ಡರಿಂಗ್ ಕಡ್ಡಿಗೆ ನಾವೂ ಹಾಕ್ತಿದ್ವು, ಕೆಲಸ ಇಲ್ದಾಗ ಜಾಸ್ತಿ ಕಾಯದೆ ಇರ್ಲಿ ಅಂತ."

"ಇದು ತಾನಾಗೇ ಬರುತ್ತಾ ಇಲ್ಲಿಗೆ?"

ಚಿಕ್ಕಣ್ಣ ನಕ್ಕ. "ತಾನಾಗೇ ಹೆಂಗ್ ಬರುತ್ತಮ್ಮ? ನಿಮ್ಮ ಯಜಮಾನ್ರ ಕೈಕೆಲಸ ಇದು, ನೋಡಿದ್ರೇ ಗೊತ್ತಾಗುತ್ತೆ. ಕೆಂಪು ಕೊಳವೆ, ವೈರಿಗೆ ಮೂರು ಸುತ್ತು, ಬೆಸುಗೆ ಅಲ್ಲಾಡದೆ ಇರ್ಲಿ ಅಂತ ಮೇಲೊಂದು ಹನಿ ನೇಲ್‌ಪಾಲಿಶ್. ಅವರ ಹುಡುಗರೆಲ್ಲ ಹೀಗೇ ಮಾಡೋದು. ಬಲ್ಬು ಬೇಗ ಸುಟ್ಟು ಹೋಗದಿರ್ಲಿ ಅಂತ ಹಾಕಿರ್ತಾರೆ." ಅವನು ಕೆಂಪು ಕೊಳವೆಯನ್ನು ಹಿಂದಕ್ಕೆ ಸರಿಸಿದ. ಬೆಸುಗೆಯ ಮೇಲೆ ಬದನೆಕಾಯಿ ಬಣ್ಣದ ಹನಿ ಒಣಗಿ ಹೊಳೆಯುತ್ತಿತ್ತು.

ಪೆಟ್ಟಿಗೆಗೆ ಎರಡು ವರ್ಷ. ಆ ಬಾಟಲಿ ಮನೆಗೆ ಬಂದದ್ದು ಕಾರ್ತೀಕದಲ್ಲಿ, ಧರ್ಮೇಶ ಹೊತ್ತು ತಂದ ಚೀಲದಲ್ಲಿ. ಬಸ್ಸಿನಲ್ಲಿ ಕೂತು ಮಾಲಿನಿ ಮತ್ತೆ ಮತ್ತೆ ಲೆಕ್ಕ ಹಾಕಿದಳು. ಬೇರೆ ಯಾವ ಉತ್ತರವೂ ಬರಲಿಲ್ಲ. ಆದರೂ ಚಿಕ್ಕಣ್ಣ ಹೇಳಿದ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬಲ್ಬು ಸುಡದಿರಲಿ ಎಂದೇ ಹಾಕಿರಬೇಕು, ಹಾಕಿ ಮರೆತಿರಬೇಕು. ನಾಳೆ ಬಂದ ಮೇಲೆ ಕೇಳಿದರೆ ಹಣೆ ಚಚ್ಚಿಕೊಂಡು ಅಯ್ಯೋ ಎನ್ನುತ್ತಾರೆ, ಇಬ್ಬರೂ ಹೋಗಿ ರಂಗಮ್ಮಕ್ಕನ ಕಾಲು ಹಿಡಿಯೋಣ. ಹೀಗೆಂದು ಹಳೇಬೀಡು ಬರುವವರೆಗೆ ತನಗೆ ತಾನೇ ಹೇಳಿಕೊಂಡಳು.

ಧರ್ಮೇಶ ಬಂದ. ಊಟಕ್ಕೆ ಬಡಿಸುತ್ತ ಅವಳು ಕೇಳಿದಳು, "ಏನ್ರೀ, ನಾನು ಅರಸೀಕೆರೇಲಿ ಇದ್ದಾಗ ಪೆಟ್ಟಿಗೆ ಏನಾದ್ರೂ ಬಿಚ್ಚಿದ್ರಾ?"

ತುತ್ತು ಎತ್ತಿದ ಕೈ ಒಂದು ಗಳಿಗೆ ನಿಂತಿತು. "ಇಲ್ವಲ್ಲ. ಎರಡು ವರ್ಷದಿಂದ ನಾನದನ್ನ ಮುಟ್ಟಿದ್ರೆ ಕೇಳು. ಯಾಕೆ?"

"ಸುಮ್ನೆ," ಎಂದಳು ಮಾಲಿನಿ. ಎಂಟು ವರ್ಷ ಜೊತೆಯಲ್ಲಿ ಉಂಡು ಮಲಗಿದ ಮನುಷ್ಯ ಎದುರಿಗೆ ಕೂತು ಅನ್ನ ಕಲೆಸುತ್ತಿದ್ದ, ಅವನು ಯಾರೆಂದೇ ಅವಳಿಗೆ ಗೊತ್ತಾಗಲಿಲ್ಲ. ಮೂವತ್ತೈದು ಡಿಗ್ರಿ ಎಂದು ತಾನು ಹೇಳಿದಾಗ ಇವನಿಗೆ ಗೊತ್ತಿತ್ತು. ಸತ್ತ ಮರಿಗಳನ್ನು ಎಣಿಸಿದಾಗ ಗೊತ್ತಿತ್ತು. ಉಪ್ಪು ಮೆಣಸಿನಕಾಯಿ ತನ್ನ ಕೈಯ ಸುತ್ತ ತಿರುಗಿದಾಗ, ಕಾಫಿ ಕುಡಿಯುತ್ತ ನಿಂತಿದ್ದ ಇವನಿಗೆ ಎಲ್ಲ ಗೊತ್ತಿತ್ತು.

ಅವಳು ಮತ್ತೊಮ್ಮೆ ಬೇಲೂರಿಗೆ ಹೋಗಿ, ಬಲ್ಬಿನ ಜೊತೆ ಡಯೋಡ್ ಕೂರಿಸಿದ ಒಂದು ಹಲಗೆಯನ್ನು ಚಿಕ್ಕಣ್ಣನಿಂದ ಮಾಡಿಸಿ ತಂದಳು. ಶನಿವಾರ ಮೇಲಿನ ಬೀದಿಗೆ ಹೋದಳು. ರಂಗಮ್ಮನ ಜಗಲಿಯ ಕೆಳಗೆ ನಿಂತು, "ಅಕ್ಕಾ, ನಾಳೆ ಬೆಳಿಗ್ಗೆ ಒಂದು ಗಳಿಗೆ ಬನ್ನಿ. ಮರಿ ಯಾಕೆ ಆಗ್ಲಿಲ್ಲ ಅಂತ ಗೊತ್ತಾಗಿದೆ. ನಿಮಗೆ ತೋರಿಸ್ದೆ ನಂಗೆ ಸಮಾಧಾನ ಇಲ್ಲ," ಎಂದಳು. ರಂಗಮ್ಮ ರಾಗಿ ಕೇರುವುದನ್ನು ನಿಲ್ಲಿಸದೆ, "ನೋಡಾನ, ಬತ್ತೀನಿ," ಎಂದಳು. ಗಂಡನಿಗೆ ಮಾಲಿನಿ ಹೇಳಿದ್ದು ಬೇರೆ: ಹೆಂಗಸರು ಬರುತ್ತಾರೆ, ಡಯೋಡ್ ಅಂತ ಏನೋ ಕೇಳಿದ್ದಾರೆ, ಚಿಕ್ಕಣ್ಣನಿಂದ ಹಲಗೆ ಮಾಡಿಸಿದ್ದೀನಿ, ಸ್ವಲ್ಪ ವಿವರಿಸಿ. ಧರ್ಮೇಶ ಅವಳ ಮುಖ ನೋಡಿದ. ಅಲ್ಲಿ ಏನೂ ಕಾಣಲಿಲ್ಲ. "ನೋಡೋಣ," ಎಂದ.

ಭಾನುವಾರ ಐದಾರು ಹೆಂಗಸರು ಬಂದರು. "ಏನ್ ಮಾಲಿನಿ, ಉಗುರಿಗೆಲ್ಲ ಬಣ್ಣ ಬಳ್ಕೊಂಡಿದ್ದೀಯ, ಯಾವ ಮದ್ವೆಗೆ ಹೊರಟೆ?" ಎಂದು ಮೀನಾಕ್ಷಿ ಚುಡಾಯಿಸಿದಳು. ರಂಗಮ್ಮ ಕೊನೆಗೆ ಬಂದು ಹೊಸ್ತಿಲ ಹೊರಗೇ ಕೂತಳು.

ಹಲಗೆಯ ಮೇಲೆ ಒಂದು ಬಲ್ಬು, ಒಂದು ಸ್ವಿಚ್ಚು. ಸ್ವಿಚ್ಚು ಮೇಲಿದ್ದರೆ ಕರೆಂಟು ನೇರ, ಕೆಳಗಿದ್ದರೆ ಡಯೋಡಿನ ಮೂಲಕ. ಧರ್ಮೇಶ ಒತ್ತಿ ತೋರಿಸಿದ. ಪ್ರಖರ, ಮಂಕು, ಪ್ರಖರ, ಮಂಕು. ಎದುರಿಗೆ ಕೇಳುವ ಜನ ಇದ್ದರೆ ಅವನಿಗೆ ಬೇರೆಲ್ಲ ಮರೆಯುತ್ತಿತ್ತು. ಅವನ ಮುಖ ಅರಳಿತು.

"ಇದು ಸಿಲಿಕಾನ್ ಅಂತ, ಮರಳಿಂದ ತೆಗೆಯೋದು. ಒಂದು ಬದಿಗೆ ಎಲೆಕ್ಟ್ರಾನು ಜಾಸ್ತಿ ಇರೋ ಹಂಗೆ, ಇನ್ನೊಂದು ಬದಿಗೆ ಕಮ್ಮಿ ಇರೋ ಹಂಗೆ ಬೆರಕೆ ಮಾಡಿರ್ತಾರೆ. ಎರಡೂ ಕೂಡೋ ಕಡೆ ಒಂದು ಗಡಿ ಇರುತ್ತೆ. ಈ ಕಡೆಯಿಂದ ಕರೆಂಟು ತಳ್ಳಿದ್ರೆ ಗಡಿ ತೆಳ್ಳಗಾಗಿ ದಾರಿ ಬಿಡುತ್ತೆ. ಆ ಕಡೆಯಿಂದ ತಳ್ಳಿದ್ರೆ ದಪ್ಪಗಾಗಿ ಅಡ್ಡ ಕೂರುತ್ತೆ. ನಮ್ಮ ಮನೆಗೆ ಬರೋ ಕರೆಂಟು ಸೆಕೆಂಡಿಗೆ ಐವತ್ತು ಸಲ ಹೋಗುತ್ತೆ, ಬರುತ್ತೆ. ಹೋಗೋದನ್ನ ಇದು ಬಿಡುತ್ತೆ, ಬರೋದನ್ನ ತಡೆಯುತ್ತೆ. ನಿಮ್ಮ ಬೋರ್‌ವೆಲ್ ಮೋಟರಿನ ಮೇಲೆ ಒಂದು ವಾಲ್ವ್ ಇರುತ್ತಲ್ಲ, ನೀರನ್ನ ಮೇಲಕ್ಕೆ ಬಿಟ್ಟು ಕೆಳಗೆ ಇಳಿಯೋಕೆ ಬಿಡಲ್ಲ, ಹಂಗೆ."

"ಹಂಗನ್ನಿ ಮತ್ತೆ," ಎಂದಳು ರಂಗಮ್ಮ. ಅವಳಿಗೆ ಅರ್ಥವಾಗಿತ್ತು. "ಅದು ಸರಿ ಮೇಷ್ಟ್ರೇ. ನನ್ನ ಮೊಟ್ಟೆಗೂ ಇದಕ್ಕೂ ಏನ್ ಸಂಬಂಧ?"

ಮಾಲಿನಿ ಕಪ್ಪು ಡಬ್ಬಿಯನ್ನು ವೈರಿನ ಸಮೇತ ತಂದು ಹಲಗೆಯ ಮೇಲಿಟ್ಟಳು. "ಇದು ನನ್ನ ಪೆಟ್ಟಿಗೆ ಬೆನ್ನಲ್ಲಿತ್ತು ಅಕ್ಕ. ಇದರೊಳಗೂ ಅಂಥದ್ದೇ ಒಂದಿದೆ. ಕಾರ್ತೀಕದಿಂದ ನಿಮ್ಮ ಮೊಟ್ಟೆಗೆಲ್ಲ ಸಿಕ್ಕಿದ್ದು ಅರ್ಧ ಕಾವು."

ಧರ್ಮೇಶನ ಮುಖದ ನಗು ಹಾಗೇ ನಿಂತಿತು, ಬಣ್ಣ ಮಾತ್ರ ಇಳಿಯಿತು. ಆಮೇಲೆ ರಂಗಮ್ಮ ಎದ್ದು, ಹೊಸ್ತಿಲು ದಾಟಿ ಒಳಗೆ ಬಂದು, ಬಗ್ಗಿ ನೋಡಿದಳು.

"ಇದು ಅಲ್ಲಿಗೆ ಹೆಂಗ್ ಬಂತು ಮೇಷ್ಟ್ರೇ?"

ಅವನು ಹೆಂಡತಿಯ ಕಡೆ ನೋಡಿದ. ಎಲ್ಲಿ ಮಾತು ತಡವರಿಸಿದರೂ ಅವಳು ಕೈಹಿಡಿದು ದಾಟಿಸುತ್ತಿದ್ದಳು, ಅದೇ ರೂಢಿಯಲ್ಲಿ ನೋಡಿದ. ಈಗಲೂ ಒಂದು ಮಾತು ನಿಜ ಹೇಳಲಿ ಎಂದು ಮಾಲಿನಿ ಒಳಗೊಳಗೇ ಬೇಡಿಕೊಂಡಳು. ನಿಜ ಹೇಳಿದರೆ ತಾನೇ ಮುಂದೆ ನಿಂತು ಅವನ ಪರ ಮಾತಾಡುವುದಕ್ಕೂ ತಯಾರಿದ್ದಳು.

"ಅಂಗಡಿಯಿಂದಲೇ ಬಂದಿರುತ್ತೆ ಕಣಮ್ಮ," ಎಂದ ಧರ್ಮೇಶ. "ಈಗ ಬರೋದೆಲ್ಲ ಡೂಪ್ಲಿಕೇಟ್ ಮಾಲು. ನಾವೇನ್ ಒಳಗೆ ಇಣುಕಿ ನೋಡ್ತೀವಾ?"

ಮಾಲಿನಿ ಕೆಂಪು ಕೊಳವೆಯನ್ನು ಹಿಂದಕ್ಕೆ ಸರಿಸಿ, ಬೆಸುಗೆಯ ಪಕ್ಕ ತನ್ನ ಬೆರಳು ಇಟ್ಟಳು. ವೈರಿನ ಮೇಲಿನ ಹನಿಯದೂ ಅವಳ ಉಗುರಿನದೂ ಒಂದೇ ಬಣ್ಣ. ಮೊದಲು ಮೀನಾಕ್ಷಿ ನೋಡಿದಳು, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ನೋಡಿದರು. ಚಲುವಮ್ಮ ಅಡುಗೆಮನೆಯ ಬಾಗಿಲಿನಿಂದ ಬಂದು ನೋಡಿ, ಮಗನ ಮುಖ ನೋಡಿ, ಬಾಯಿಗೆ ಸೆರಗು ಒತ್ತಿಕೊಂಡಳು.

"ಅರಸೀಕೆರೇಲಿ ಕೊಂಡಿದ್ದು ಅಕ್ಕ, ನನ್ನ ತಂಗಿ ಮದುವೇಲಿ," ಎಂದಳು ಮಾಲಿನಿ. "ಈ ಮನೇಲಿ ಬಿಟ್ರೆ ಇನ್ನೆಲ್ಲೂ ಇಲ್ಲ."

ರಂಗಮ್ಮ ಅವಳ ಕೈ ಹಿಡಿದು ಎತ್ತಿದಳು. ಅಂಗೈ ನೋಡಿದಳು, ತಿರುಗಿಸಿ ಬೆರಳು ನೋಡಿದಳು. "ನಾನೂ ಅಂದೆ ಕಣವ್ವ, ಈ ಕೈ ಸರಿಯಿಲ್ಲ ಅಂತ," ಎಂದಳು. ಕಣ್ಣಲ್ಲಿ ನೀರಿತ್ತು. ಆಮೇಲೆ ಧರ್ಮೇಶನ ಕಡೆ ತಿರುಗಿ, "ಒಂಬತ್ತು ಮೊಟ್ಟೆ ಇದ್ವು ಮೇಷ್ಟ್ರೇ. ಕಡೇವು," ಎಂದಳು. ಅಷ್ಟೇ ಹೇಳಿ ಹೊರಟಳು. ಉಳಿದವರೂ ಹೊರಟರು.

ಮನೆ ಖಾಲಿಯಾದ ಮೇಲೆ ಧರ್ಮೇಶ ಕೂಗಾಡಿದ. "ನಾಲ್ಕು ಜನರ ಮುಂದೆ ನನ್ನ ಮಾನ ತೆಗೆದ್ಯಲ್ಲ!"

"ನಿಮ್ಮದು ಒಂದು ಬೆಳಿಗ್ಗೆ ಹೋಯ್ತು. ನನ್ನದು ಮೂರು ತಿಂಗಳಿಂದ ಹೋಗ್ತಾ ಇತ್ತು, ನೀವು ನೋಡ್ತಾ ಇದ್ರಿ."

ಅವನು ಕುಸಿದು ಕೂತ. "ಪೂರ್ತಿ ಕೆಡಿಸ್ಬೇಕು ಅಂತ ಇರ್ಲಿಲ್ಲ ಕಣೇ. ಸ್ವಲ್ಪ ಕಮ್ಮಿಯಾದ್ರೆ ನಿಂಗೇ ಬೇಜಾರಾಗಿ ಬಿಡ್ತೀಯ ಅಂದ್ಕೊಂಡೆ. ಕೈಗುಣ ಅದೂ ಇದೂ ಅಂತ ಜನ ಅಂತಾರೆ ಅಂತ ನಂಗೇನ್ ಗೊತ್ತಿತ್ತು?"

"ಅಂದ ಮೇಲೆ ಗೊತ್ತಿತ್ತಲ್ಲ. ನಿಮ್ಮಮ್ಮ ನನ್ನ ಕೈಗೆ ಮೆಣಸಿನಕಾಯಿ ನಿವಾಳಿಸ್ತಾ ಇದ್ರೆ ನೀವು ಬುದ್ಧನ ಪಟದ ಕೆಳಗೆ ನಿಂತು ಕಾಫಿ ಕುಡೀತಿದ್ರಿ. ಬೇಡ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

"ಹೇಳಿದ್ರೆ ನೀನು ಕೇಳ್ತಿದ್ಯಾ?"

ಮಾಲಿನಿ ಯೋಚಿಸಿದಳು. ಸಿಟ್ಟಿನಲ್ಲಿ ಏನಾದರೂ ಹೇಳಿಬಿಡಬಹುದಿತ್ತು, ಆದರೂ ನಿಜವಾಗಿ ಯೋಚಿಸಿದಳು. ದಸರೆಯಲ್ಲಿ ಅವನು ಎದುರು ಕೂತು, ಮಾಲಿನಿ, ನಂಗೆ ಇದು ಬೇಡ, ನಾಚಿಕೆಯಾಗುತ್ತೆ, ಬೇಲೂರಿಗೆ ಹೋಗೋಣ ಎಂದಿದ್ದರೆ? ಎರಡು ದಿನ ಅಳುತ್ತಿದ್ದಳು. ಆಮೇಲೆ ಪೆಟ್ಟಿಗೆಯನ್ನು ಮೀನಾಕ್ಷಿಗೋ ಇನ್ಯಾರಿಗೋ ಕೊಟ್ಟು, ಹೇಗೆಂದು ಹೇಳಿಕೊಟ್ಟು, ಪಾತ್ರೆ ಕಟ್ಟುತ್ತಿದ್ದಳು.

"ಕೇಳ್ತಿದ್ದೆ," ಎಂದಳು. ಅಷ್ಟು ದಿನ ಬರದ ಅಳು ಆಗ ಬಂತು. "ನಿಮಗೋಸ್ಕರ ಬಿಡ್ತಿದ್ದೆ ಕಣ್ರೀ. ಇಷ್ಟೇ ಕೇಳಿದ್ರೆ ಸಾಕಿತ್ತು."

ಧರ್ಮೇಶ ಎದ್ದು ಹತ್ತಿರ ಬಂದ. ಅವಳು ಕಣ್ಣೊರೆಸಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

"ಈಗ ಕೇಳ್ಬೇಡಿ. ಬೇಲೂರಿನ ಮನೆಗೆ ನೀವು ಹೋಗಿ. ಅತ್ತೆ ಎಲ್ಲಿರ್ತಾರೆ ಅಂತ ಅವರೇ ಹೇಳ್ಲಿ. ನಾನು ಇಲ್ಲೇ ಇರ್ತೀನಿ."

ಅವಳು ಪೆಟ್ಟಿಗೆಯ ಮುಂದೆ ಕೂತು, ಚಿಕ್ಕಣ್ಣ ಕೊಟ್ಟ ಹೊಸ ವೈರನ್ನು ತಾನೇ ಸ್ಕ್ರೂ ತಿರುಗಿಸಿ ಕೂರಿಸಿದಳು. ಕಲಿತದ್ದು ಇವನಿಂದಲೇ, ಪೆಟ್ಟಿಗೆ ಮಾಡುವಾಗ ಇವನ ಪಕ್ಕ ಕೂತು. ಸ್ವಿಚ್ಚು ಒತ್ತಿದಳು. ಎರಡೂ ಬಲ್ಬು ಝಗ್ಗನೆ ಹೊತ್ತಿದವು, ಗಾಜಿನಿಂದ ಬೆಳಕು ಅವಳ ಮಡಿಲಿಗೆ ಬಿತ್ತು. ಒಳಗಡೆ ಧರ್ಮೇಶ ಬೀರು ತೆಗೆದು ಬಟ್ಟೆ ಎತ್ತಿಡುವ ಸದ್ದು ಕೇಳುತ್ತಿತ್ತು. ಕೆಂಪು ಅಂಕಿ ಮೂವತ್ತಾಯಿತು, ಮೂವತ್ತಮೂರಾಯಿತು, ಮೂವತ್ತೇಳೂವರೆಗೆ ಬಂದು ನಿಂತಿತು. ಒಳಗೆ ಒಂದೂ ಮೊಟ್ಟೆ ಇರಲಿಲ್ಲ.